ಹಗ್ಗಕ್ಕೆ ಒಣಹಾಕಿದ ಬಟ್ಟೆ

ವೆರ್ಖ್ನಿ ಯಾರ್ ರೇಡಿಯೋ ಕೇಂದ್ರ
ಅಕ್ಟೋಬರ್ ೧೪, ೨೦೧೪

ಹಠದಲ್ಲಿ ನನ್ನನ್ನೇ ಹೋಲುವ ಮಗಳು ರಿಮ್ಮಾಳಿಗೆ,

ನಿನ್ನ ಕಾಗದ ತಲುಪಿತು. ಇಲಾಖೆಯ ಮೊಹರಿನ ಕೆಳಗೆ ಕೈಯಾರೆ ಬರೆದಿದ್ದೀಯ: "ಅಮ್ಮಾ, ಕೇಂದ್ರ ಬಿಟ್ಟುಕೊಡೋ ಕಾಗದಕ್ಕೆ ಸಹಿ ಹಾಕಿ ಕೀಲಿ ಕೊಟ್ಬಿಡು. ಶುಕ್ರವಾರ ರೇಡಿಯೋ ಕಂಬ ಕೆಡವೋಕೆ ನಾನೇ ಬರ್ತೀನಿ." ಧಾರಾಳವಾಗಿ ಬಾ. ಕೋಸು ತುಂಬಿದ ಪಿರೋಗ್ ರೊಟ್ಟಿ ಸುಟ್ಟಿಟ್ಟಿರುತ್ತೇನೆ. ಸಹಿ ಮಾತ್ರ ಕೇಳಬೇಡ.

ಪ್ರಸಾರ ನಿಂತದ್ದು ಹೋದ ಚಳಿಗಾಲದಲ್ಲಿ. ಕೊನೆಯ ಉಸ್ತುವಾರಿ ಅಂತ ಕೀಲಿ ನನ್ನ ಹತ್ತಿರ ಉಳಿದಿದೆ. ಕಂಬ ಬಿದ್ದರೆ ಮುಂದೇನು ಅನ್ನುವುದು ನಿನಗೂ ಗೊತ್ತು, ನನಗೂ ಗೊತ್ತು. ಕೇಂದ್ರಕ್ಕೆಂದು ಎಳೆದ ದೊಡ್ಡ ವಿದ್ಯುತ್ ತಂತಿ ಕೀಳುತ್ತೀರಿ. ಅದು ಹೋದರೆ ಊರಿನ ಮನೆಗಳನ್ನು ಬೆಚ್ಚಗಿಡುವ ಬಿಸಿನೀರಿನ ಪಂಪು ನಿಲ್ಲುತ್ತದೆ. ಆಮೇಲೆ ಜನ ತಾವಾಗಿಯೇ ಊರು ಖಾಲಿ ಮಾಡಿದರು ಅಂತ ಬರೆದುಕೊಳ್ಳುತ್ತೀರಿ. ಆಹಾ, ಎಷ್ಟು ಚೆಂದ! ನೀನು ಮಗುವಾಗಿದ್ದಾಗ ಮೀಯುತ್ತಿದ್ದದ್ದು ಕೇಂದ್ರದ ಪ್ರಸಾರ ಯಂತ್ರಗಳನ್ನು ತಣಿಸಿ ಬಂದ ಬಿಸಿನೀರಲ್ಲಿ. ಹೊಸ ವರ್ಷದ ಹಬ್ಬಕ್ಕೆ ಹೊರಗೆ ಹಿಮ ಬೀಳುತ್ತಿರುವಾಗ ನೀನು ಸೌತೆಕಾಯಿ ಕಡಿಯುತ್ತಿದ್ದೆಯಲ್ಲ, ಆ ಗಾಜಿನ ಮನೆಯನ್ನು ಬೆಚ್ಚಗಿಟ್ಟದ್ದೂ ಅದೇ ನೀರು.

ನಮ್ಮೂರಲ್ಲಿ ಬಟ್ಟೆ ಒಣಹಾಕುವುದು ಹಗ್ಗಕ್ಕೆ, ನೆನಪಿದೆ ತಾನೆ? ಕಬ್ಬಿಣದ ತಂತಿ ಕಟ್ಟಿದರೆ ಕಂಬ ಹೊರಡಿಸುವ ರೇಡಿಯೋ ಅಲೆಗಳ ಶಕ್ತಿಗೆ ಅದೂ ಕಾಯುತ್ತಿತ್ತು, ಬೆರಳು ಚುರ್ ಅನ್ನುತ್ತಿತ್ತು. ಕಬ್ಬಿಣದ ಗೇಟನ್ನೂ ಅದಕ್ಕೇ ಕೋಲಿನಿಂದ ತಳ್ಳಿ ತೆಗೆಯುತ್ತಿದ್ದೆವು. ಪ್ರಸಾರ ನಿಂತ ಮೇಲೆ ಪಕ್ಕದ ಮನೆ ಗ್ಲಫೀರಾ ತಂತಿ ಕಟ್ಟಿ ಹಾಸಿಗೆ ಬಟ್ಟೆ ಹರವಿಬಿಟ್ಟಳು. "ಇನ್ನು ಯಾರ ಭಯ ಹೇಳು, ಕಪಿತೋಲಿನಾ?" ಅಂತ ನಕ್ಕಳು. ನಕ್ಕವಳೇ ಅಡುಗೆಮನೆಯಲ್ಲಿ ಕೂತು ಅತ್ತಳು.

ಕಳೆದ ವಾರ ನಿಮ್ಮ ಗುತ್ತಿಗೆದಾರನ ಕಡೆಯವನೊಬ್ಬ ಅಳತೆಗೆ ಬಂದಿದ್ದ. ನೇರ ಹೋದವನೇ ಸಂತೆಯಲ್ಲಿ ಹಸು ಕೊಳ್ಳುವವನ ಹಾಗೆ ಕಂಬಕ್ಕೆ ಅಂಗೈಯಿಂದ ಪಟಪಟ ತಟ್ಟಿದ. ನಾವು ಮುದುಕರೆಲ್ಲ ಒಟ್ಟಿಗೆ ಹಿಂದಕ್ಕೆ ಹಾರಿದೆವು. "ಸತ್ತ ಕಬ್ಬಿಣಕ್ಕೆ ಯಾಕಜ್ಜಿ ಹೆದರ್ತೀರಿ?" ಅಂದ. ನಿಮ್ಮಪ್ಪ ಬದುಕಿದ್ದಷ್ಟು ಕಾಲ ಆ ಕಂಬ ಹತ್ತಿ ಕೆಂಪು ದೀಪ ಬದಲಿಸಿದವರು. ಪ್ರಸಾರ ನಿಲ್ಲಿಸಿದ್ದಾರೆ ಅಂತ ನನ್ನ ಬಾಯಿಂದ ಕೇಳದೆ ಒಂದು ದಿನವೂ ಅದನ್ನು ಮುಟ್ಟಿದವರಲ್ಲ. ಇವನು ಕೈ ಒರೆಸಿಕೊಂಡು ಹೊರಟೇಹೋದ.

ಆ ಕಂಬ ಅರ್ಧ ಜಗತ್ತಿಗೆ ಸರ್ಕಾರದ ಸುಳ್ಳು ಕೂಗಿತು ಅಂತಲೂ ಬರೆದಿದ್ದೀಯ. ಕೂಗಿತು, ಇಲ್ಲ ಅನ್ನುವುದಿಲ್ಲ. ಪರದೇಶದ ಸ್ಟೇಷನ್ನುಗಳು ಯಾರಿಗೂ ಕೇಳಿಸದಂತೆ ಅವುಗಳ ಮೇಲೆ ಗರ್ರೋ ಅಂತ ಸದ್ದನ್ನೂ ಸುರಿಯಿತು. ಆ ಸುಳ್ಳು ಬರೆದವರಿಗೆಲ್ಲ ಮಾಸ್ಕೋದಲ್ಲಿ ಪಿಂಚಣಿ ಬರುತ್ತಿದೆ, ಅವರ ಮನೆ ಕೆಡವಲು ಯಾರೂ ಹೋಗಿಲ್ಲ. ಅದೇ ಕಂಬ ಮೀನುಗಾರರಿಗೆ ಬಿರುಗಾಳಿ ಬರುತ್ತದೆ ಅಂತಲೂ ಹೇಳಿತ್ತು. ಅದನ್ನು ಯಾಕಮ್ಮ ಬರೆಯಲಿಲ್ಲ?

ಇನ್ನು ನನ್ನ ಆರೋಗ್ಯ ಕೇಳಿದ್ದೀಯ. ಗಟ್ಟಿಯಾಗಿದ್ದೇನೆ. ಕೇಂದ್ರದ ಹಳೇ ಮೆಕ್ಯಾನಿಕ್ ರೊದಿಯೋನ್ ಸವೇಲಿಚ್ ದಿನಾ ನನ್ನ ಜೊತೆ ಯಂತ್ರದ ಕೋಣೆಗೆ ಬರುತ್ತಾನೆ. ಮುದುಕ ಈಗಲೂ ಶಿಳ್ಳೆ ಹಾಕುತ್ತಲೇ ಕೆಲಸ ಮಾಡುವುದು. ಅಲ್ಲಿ ನಿಮಗೇನು ಕೆಲಸ ಅಂತ ಕೇಳುತ್ತೀಯ. ಧೂಳು ಒರೆಸುತ್ತೇವೆ.

ಬರುವಾಗ ದಪ್ಪ ಕೋಟು ಹಾಕಿಕೊಂಡು ಬಾ. ನಿನ್ನ ಮೇಲೆ ನನಗೆ ಕೋಪವಿದೆ, ಪ್ರೀತಿಯೂ ಇದೆ. ಎರಡೂ ಕಡಿಮೆಯಾಗುವ ಹಾಗೆ ಕಾಣುವುದಿಲ್ಲ.

ಬಗ್ಗದ ನಿನ್ನ ಅಮ್ಮ,
ಕಪಿತೋಲಿನಾ ಯೆಗೋರೊವ್ನಾ

ಮರೆತಿದ್ದೆ: ಅಪ್ಪನ ಹಳೇ ರೇಡಿಯೋ ನಿನ್ನ ಹತ್ತಿರವೇ ಇದೆಯಲ್ಲ, ಹಾಕಿ ನೋಡು. ನಮ್ಮ ಹಳೇ ಜಾಗದಲ್ಲೇ ಮುಳ್ಳು ನಿಲ್ಲಿಸು. ಗ್ಲಫೀರಾ ಕೋಸಿಗೆ ಎಷ್ಟು ಉಪ್ಪು ಬೆರೆಸಬೇಕು ಅಂತ ಹೇಳುತ್ತಿರುತ್ತಾಳೆ. ಅದನ್ನು ಸುಳ್ಳು ಅನ್ನುವುದಾದರೆ ಅವಳ ಎದುರಿಗೇ ಬಂದು ಅನ್ನು. ಮೂರು ಯಂತ್ರಗಳಲ್ಲಿ ಚಿಕ್ಕದೊಂದು ಎದ್ದು ಕೂತಿದೆ. ಕಂಬದಲ್ಲಿ ಮತ್ತೆ ಕರೆಂಟು ಹರಿಯುತ್ತಿದೆ, ನಿನ್ನ ಆಳುಗಳು ಅದನ್ನು ಮುಟ್ಟದಿರಲಿ. ನಿಲ್ಲಿಸಲೇಬೇಕು ಅಂದರೆ ಪಟ್ಟಣದಿಂದ ದೊಡ್ಡ ತಂತಿಯನ್ನೇ ಕಡಿಸು. ಆಗ ಊರಿಗೆಲ್ಲ ಚಳಿ. ಆ ಆದೇಶಕ್ಕೆ ನೀನು ಸಹಿ ಹಾಕು, ನನ್ನ ಸಹಿ ಯಾಕೆ? ಗೇಟಿಗೆ ಬರಿಗೈ ಹಾಕಬೇಡ ಮಗಳೇ, ಕೋಲು ಅಲ್ಲೇ ಒರಗಿಸಿಟ್ಟಿದ್ದೇನೆ. ಗ್ಲಫೀರಾ ಇವತ್ತು ಬೆಳಿಗ್ಗೆ ತಂತಿ ಬಿಚ್ಚಿ ಹಗ್ಗ ಕಟ್ಟಿದಳು.