ಹಾರ್ಗ್ರೋವ್ ಮೇಲೆ ಹೊರಿಸಿದ ತಪ್ಪು

ನಮ್ಮ ಫುಟ್‌ಬಾಲ್ ತಂಡದ ಮಾನ್ಯ ಜನರಲ್ ಮ್ಯಾನೇಜರ್ ಅವರೇ,

ಕಳೆದ ಸೋಮವಾರ ಪತ್ರಿಕಾಗೋಷ್ಠಿಯಲ್ಲಿ ತಾವು ಒಂದು ಮಾತು ಹೇಳಿದಿರಿ: "ಕ್ಲೇ ಹಾರ್ಗ್ರೋವ್ ತಾನು ಪಡೆಯುವ ಹಣಕ್ಕೆ ತಕ್ಕ ಹಾಗೆ ಆಡುತ್ತಿಲ್ಲ." ಹತ್ತು ಪಂದ್ಯದಲ್ಲಿ ಎಂಟು ಸೋತಿದ್ದೇವೆ, ಅದನ್ನು ಸಹಿಸಿಕೊಂಡಿದ್ದೆ. ಈ ಮಾತನ್ನು ಸಹಿಸಲಾಗಲಿಲ್ಲ. ಅದಕ್ಕೇ ಈ ಪತ್ರ, ಅದಕ್ಕೇ ಇದು ಎಲ್ಲರೂ ಓದುವ ಪತ್ರಿಕೆಯಲ್ಲಿ.

ನಡೆದದ್ದು ತಮಗೆ ಗೊತ್ತು. ಆದರೂ ಟೊಲೆಡೊದಲ್ಲಿ ಫುಟ್‌ಬಾಲ್ ನೋಡದ ನಾಲ್ಕಾರು ಮಂದಿ ಇರಬಹುದು, ಅವರಿಗಾಗಿ ಹೇಳುತ್ತೇನೆ. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯಲು ಅವನ ಮುಂದೆ ಐದು ಜನ ಗೋಡೆಯ ಹಾಗೆ ನಿಲ್ಲುತ್ತಾರೆ. ಆ ಗೋಡೆಯ ಎಡಭಾಗದಲ್ಲಿ ಆರು ವರ್ಷ ನಿಂತವನು ಟವಾರಿಸ್ ಓಡಮ್. ಮಾರ್ಚ್ ತಿಂಗಳಲ್ಲಿ ತಾವು ಅವನನ್ನು ಬೇರೆ ತಂಡಕ್ಕೆ ಕೊಟ್ಟಿರಿ. ಜೊತೆಗೆ ಹೊಸ ಹುಡುಗರನ್ನು ಆರಿಸುವ ನಮ್ಮ ಎರಡನೇ ಸುತ್ತಿನ ಹಕ್ಕನ್ನೂ ಕೊಟ್ಟಿರಿ. ಬದಲಿಗೆ ಹಾರ್ಗ್ರೋವ್‌ನನ್ನು ತಂದು ನಾಲ್ಕು ವರ್ಷಕ್ಕೆ ಏಳು ಕೋಟಿ ಅರವತ್ತು ಲಕ್ಷ ಡಾಲರಿನ ಕರಾರು ಬರೆದುಕೊಟ್ಟಿರಿ. ಓಡಮ್ ಪಡೆಯುತ್ತಿದ್ದುದರ ಎರಡರಷ್ಟಕ್ಕಿಂತ ಹೆಚ್ಚು.

ಇದರಲ್ಲಿ ಎಲ್ಲವೂ ತಪ್ಪು ಎಂದು ನಾನು ಹೇಳುವುದಿಲ್ಲ. ಕರಾರಿನ ಸುದ್ದಿ ಬಂದ ದಿನ ನಮ್ಮ ಬೀದಿಯ ಸಾಸೇಜ್ ಅಂಗಡಿಯಲ್ಲಿ ನನ್ನ ಹಳೆಯ ಸಹೋದ್ಯೋಗಿ ವರ್ನನ್ ಟಿಬ್ಸ್ ತಮ್ಮ ಪರವಾಗಿಯೇ ವಾದ ಮಾಡಿದ.

"ಓಡಮ್‌ಗೆ ಮೂವತ್ತೊಂದು ಆಯ್ತಲ್ಲ ಮಾರ್ಗಿಟ್. ಎರಡು ಸಲ ಮೊಣಕಾಲು ಕುಯ್ಸ್ಕೊಂಡಿದಾನೆ. ಇನ್ನೂ ಬೆಲೆ ಇರೋವಾಗ್ಲೇ ಮಾರಿದ್ರು, ಅದು ಜಾಣತನ. ಈ ಹಾರ್ಗ್ರೋವ್ ನೋಡು, ಇಪ್ಪತ್ತೇಳು, ಮುನ್ನೂರ ನಲವತ್ತು ಪೌಂಡು. ಎದುರು ನಿಂತವನನ್ನ ಬಾಗಿಲು ತಳ್ಳಿದ ಹಾಗೆ ತಳ್ತಾನೆ."

"ತಳ್ತಾನೆ ಸರಿ," ಅಂದೆ. "ನಮ್ಮ ಕೋಚ್ ತಳ್ಳು ಅಂತ ಯಾವತ್ತು ಹೇಳಿದಾನೆ?"

"ಹೇಳ್ಕೊಡ್ತಾರೆ ಬಿಡು. ಅಷ್ಟು ದುಡ್ಡು ಸುರಿದಿದಾರೆ, ಹೇಳ್ಕೊಡದೆ ಇರ್ತಾರಾ?"

ಪಾಪ, ವರ್ನನ್ ಒಳ್ಳೆಯವನು. ತಮ್ಮಂಥವರ ಬಗ್ಗೆ ಅವನಿಗೆ ಇನ್ನೂ ನಂಬಿಕೆ ಇದೆ.

ನಮ್ಮ ಕೋಚ್‌ನ ಆಟವೇ ಬೇರೆ. ಚೆಂಡು ಕ್ವಾರ್ಟರ್‌ಬ್ಯಾಕ್‌ನ ಕೈಗೆ ಬಂದ ಕ್ಷಣ ಆ ಐದೂ ಜನ ಒಟ್ಟಿಗೆ ಪಕ್ಕಕ್ಕೆ ಸರಿಯಬೇಕು. ಒಂದೇ ಹೆಜ್ಜೆ, ಒಂದೇ ಕ್ಷಣ. ಅದಕ್ಕೆ ಬೇಕಾದದ್ದು ತೂಕವಲ್ಲ, ಪಕ್ಕದವನ ಉಸಿರಿನ ಅಂದಾಜು. ಹಾರ್ಗ್ರೋವ್ ಹಳೆಯ ತಂಡದಲ್ಲಿ ಐದು ವರ್ಷ ಮಾಡಿದ್ದು ಒಂದೇ ಕೆಲಸ: ನೇರ ಮುಂದಕ್ಕೆ ನುಗ್ಗಿ ತಳ್ಳುವುದು. ಆ ಕೆಲಸದಲ್ಲಿ ಅವನಿಗೆ ಸಮಾನರಿಲ್ಲ. ಅಂಥವನನ್ನು ತಂದು ನರ್ತಕರ ಸಾಲಿನಲ್ಲಿ ನಿಲ್ಲಿಸಿ, ಕಾಲು ತಪ್ಪಿದಾಗ ಸಂಬಳ ಎತ್ತಿ ಆಡುತ್ತೀರಲ್ಲ, ಆ ಸಂಬಳ ನಿಗದಿ ಮಾಡಿದವರು ಯಾರು? ಸಹಿ ಹಾಕುವ ಮುಂಚೆ ಅವನ ಹಳೆಯ ಪಂದ್ಯಗಳನ್ನು ನೋಡಲು ತಮ್ಮ ಕಚೇರಿಯ ಹನ್ನೊಂದು ಮಂದಿ ತಜ್ಞರಿಗೆ ಪುರುಸೊತ್ತು ಆಗಲಿಲ್ಲವೇ? ಅಥವಾ ನೋಡಿದವರು ಬರೀ ತೂಕ ಮಾತ್ರ ನೋಡಿದರೇ?

ಐದನೇ ಪಂದ್ಯದಲ್ಲಿ ವರ್ನನ್ ಮತ್ತು ನಾನು ಎಂದಿನಂತೆ ಪಕ್ಕಪಕ್ಕ ಕೂತಿದ್ದೆವು. ಆಟದ ಎರಡನೇ ಕಾಲು ಭಾಗದಲ್ಲಿ ನಾಲ್ಕು ಜನ ಎಡಕ್ಕೆ ಸರಿದರು. ಹಾರ್ಗ್ರೋವ್ ಮುಂದಕ್ಕೆ ಹೋದ. ಬಾಗಿಲಿನಷ್ಟು ಅಗಲ ಸಂದು ಬಿತ್ತು. ಎದುರಾಳಿ ಅದರಲ್ಲೇ ನುಗ್ಗಿ ನಮ್ಮ ಇಪ್ಪತ್ತಮೂರು ವರ್ಷದ ಕ್ವಾರ್ಟರ್‌ಬ್ಯಾಕ್‌ನನ್ನು ನೆಲಕ್ಕೆ ಕೆಡವಿದ. ಹುಡುಗನ ಹೆಗಲ ಮೂಳೆ ಮುರಿಯಿತು. ಅರವತ್ತು ಸಾವಿರ ಜನ ಹಾರ್ಗ್ರೋವ್ ಹೆಸರು ಹಿಡಿದು ಬೈಯುತ್ತಿದ್ದರು. ಅವನು ಸೊಂಟದ ಮೇಲೆ ಕೈಯಿಟ್ಟು, ತಲೆ ತಗ್ಗಿಸಿ ನಿಂತಿದ್ದ. ನನ್ನ ಹಿಂದಿನ ಸಾಲಿನಿಂದ ಯಾರೋ ಬಿಯರ್ ಲೋಟ ಎಸೆದರು.

ವರ್ನನ್ ಹಿಂದಕ್ಕೆ ತಿರುಗಿ, "ಅವನಿಗ್ಯಾಕಪ್ಪ ಬೈತೀಯ? ಅವನು ತನಗೆ ಬರೋ ಕೆಲಸ ಮಾಡ್ದ," ಅಂದ. ಆಮೇಲೆ ನನ್ನ ಕಡೆ ನೋಡಿದ. ವರ್ನನ್‌ನ ಎಡಗೈಯಲ್ಲಿ ಮೂರು ಬೆರಳು ಮಡಚುವುದಿಲ್ಲ. ಅದಕ್ಕೆ ಕಾರಣ ನಾನು.

ಈ ಕಥೆಯನ್ನು ನಾನು ಹೆಚ್ಚು ಜನರಿಗೆ ಹೇಳಿಲ್ಲ. ಮೌಮಿ ನದಿಯ ಪಕ್ಕ, ಈಗ ಇಲ್ಲದ ಒಂದು ಗಾಜಿನ ಕಾರ್ಖಾನೆಯಲ್ಲಿ ನಾನು ಪಾಳಿಯ ಮೇಲ್ವಿಚಾರಕಿಯಾಗಿದ್ದೆ. ಅಂಗಡಿ ಕಿಟಕಿಗಳಿಗೆ ಹಾಕುವ ದೊಡ್ಡ ಗಾಜಿನ ಹಾಳೆಗಳನ್ನು ಆಗಿನ್ನೂ ಇಬ್ಬರು ಸೇರಿ ಕೈಯಲ್ಲೇ ಎತ್ತುತ್ತಿದ್ದರು. ವರ್ನನ್ ಮತ್ತು ಎಮಿಲ್ ಎಂಬವನು ಹನ್ನೊಂದು ವರ್ಷ ಜೋಡಿಯಾಗಿ ಎತ್ತಿದರು. ಒಂದು ಹಾಳೆಯೂ ಒಡೆದದ್ದಿಲ್ಲ. "ಒಂದು, ಎರಡು" ಎಂದು ಎಣಿಸಿದ್ದನ್ನೂ ನಾನು ಕೇಳಿರಲಿಲ್ಲ. ಎಮಿಲ್‌ಗೆ ಐವತ್ತೆಂಟಾಯಿತು, ಬೆನ್ನು ನೋವು. ಅವನನ್ನು ಪ್ಯಾಕಿಂಗ್‌ಗೆ ಕಳಿಸಿ, ಬೇರೆ ಕಾರ್ಖಾನೆಯಿಂದ ಡ್ವೇನ್ ಸೈಕ್ಸ್ ಎಂಬವನನ್ನು ಹೆಚ್ಚಿನ ಸಂಬಳ ಕೊಟ್ಟು ಕರೆತಂದೆ. ಆನೆಯಂಥ ಆಳು. ಇಬ್ಬರು ಎತ್ತುವುದನ್ನು ಒಬ್ಬನೇ ಎತ್ತಬಲ್ಲವನು. ನಾನೂ ತೂಕವನ್ನೇ ನೋಡಿದೆ ಸ್ವಾಮಿ.

ಮೊದಲ ವಾರವೇ ವರ್ನನ್ ಬಂದು ಹೇಳಿದ. "ಮಾರ್ಗಿಟ್, ಹುಡುಗ ಒಳ್ಳೆಯವನೇ. ಆದರೆ ಅವನು ಒಬ್ಬನೇ ಎತ್ತಿ ಅಭ್ಯಾಸ. ನಂಗಿಂತ ಮುಂಚೆ ಎತ್ತಿಬಿಡ್ತಾನೆ. ನಮ್ಮಿಬ್ಬರಿಗೆ ಒಂದು ತಿಂಗಳು ಸಣ್ಣ ಹಾಳೆ ಕೊಡು."

"ಆರ್ಡರ್ ಕೂತಿದೆ ವರ್ನನ್, ನೀವೇ ಹೊಂದಿಸ್ಕೊಳ್ಳಿ," ಅಂದೆ.

ಮೂರನೇ ವಾರದ ಗುರುವಾರ ಡ್ವೇನ್ ಅರೆಕ್ಷಣ ಮುಂಚೆ ಎತ್ತಿದ. ಹಾಳೆ ವಾಲಿ, ನಡುವೆ ಬಿರುಕು ಬಿಟ್ಟು, ವರ್ನನ್‌ನ ಮಣಿಕಟ್ಟಿನ ಮೇಲೆ ಜಾರಿತು. ಆ ಸದ್ದು ನನಗೆ ಇವತ್ತಿಗೂ ಕೇಳುತ್ತದೆ. ಅಪಘಾತದ ವರದಿಯಲ್ಲಿ 'ಕಾರಣ' ಎಂಬ ಜಾಗದಲ್ಲಿ ನಾನು ಬರೆದೆ: "ಹೊಸ ಕೆಲಸಗಾರ ಡ್ವೇನ್ ಸೈಕ್ಸ್‌ನ ಅಜಾಗರೂಕತೆ." ಸೋಮವಾರ ಡ್ವೇನ್‌ನನ್ನು ಕೆಲಸದಿಂದ ತೆಗೆದರು.

ಆಸ್ಪತ್ರೆಯಲ್ಲಿ ವರ್ನನ್ ಕೇಳಿದ್ದು ಒಂದೇ. "ಆ ಹುಡುಗನ ಹೆಸರು ಬರೆದ್ಯಂತೆ. ನಿಜವಾ?"

"ಏನಾದರೂ ಬರೀಲೇಬೇಕಿತ್ತು."

"ನಿನ್ನ ಹೆಸರು ಬರೀಬೇಕಿತ್ತು," ಅಂದ. ಬೈಯುವ ದನಿಯಲ್ಲಿ ಅಲ್ಲ. "ನನ್ನ ಕೈ ಹೋಗಿದ್ದು ಹೋಯ್ತು. ಅದನ್ನಾದ್ರೂ ತಿದ್ದು."

ನಾನು ತಿದ್ದಲು ಹದಿನಾಲ್ಕು ತಿಂಗಳು ತೆಗೆದುಕೊಂಡೆ. ಕೆಲಸ ಹೋಗುತ್ತದೆ ಎಂಬ ಹೆದರಿಕೆ. ಕೊನೆಗೆ ಮಾಲೀಕರಿಗೆ ಕಾಗದ ಬರೆದು, ಡ್ವೇನ್‌ನ ನಂಬರ್ ಹುಡುಕಿ ಫೋನ್ ಮಾಡಿದೆ. ಅವನು ಫೋರ್ಟ್ ವೇನ್‌ನಲ್ಲಿ ಟೈರ್ ಅಂಗಡಿಯೊಂದರಲ್ಲಿದ್ದ. ಆ ವರದಿ ನೋಡಿ ಯಾವ ಗಾಜಿನ ಕಾರ್ಖಾನೆಯವರೂ ಅವನನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ. ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ.

"ಮೇಡಂ," ಅಂದ. "ಆಗಲೇ ಒಂದು ಮಾತು ಹೇಳಿದ್ದಿದ್ರೆ ಸಾಕಿತ್ತು. ಈಗ ನಂಗೇ ನಂದೇ ತಪ್ಪು ಅಂತ ಅನ್ಸಿ ಹೋಗಿದೆ. ಯಾವ ಭಾರ ಎತ್ತೋಕೂ ಹೆದರ್ತೀನಿ."

ಅಷ್ಟು ಹೇಳಿ ಫೋನ್ ಇಟ್ಟ. ಮತ್ತೆ ಮಾಡಲು ನನಗೆ ಮುಖವಿರಲಿಲ್ಲ.

ಈಗ ತಮ್ಮ ವಿಷಯಕ್ಕೆ ಬರುತ್ತೇನೆ. ಓಡಮ್‌ನನ್ನು ವಾಪಸು ತನ್ನಿ ಎಂದು ನಾನು ಕೇಳುವುದಿಲ್ಲ. ಅದು ಆಗುವುದಿಲ್ಲ, ಅವನು ಅಲ್ಲಿ ಸುಖವಾಗಿ ಆಡುತ್ತಿದ್ದಾನೆ. ಏಳು ಕೋಟಿ ಅರವತ್ತು ಲಕ್ಷ ನನ್ನ ಹಣವಲ್ಲ, ಅದರ ಲೆಕ್ಕ ತಮಗೂ ಮಾಲೀಕರಿಗೂ ಬಿಟ್ಟದ್ದು. ಆದರೆ ಇನ್ನೂ ಏಳು ಪಂದ್ಯಗಳಿವೆ. ಆ ಮನುಷ್ಯನಿಗೆ ನೇರ ಮುಂದಕ್ಕೆ ತಳ್ಳುವ ಆಟ ಕೊಡಿ ಎಂದು ಕೋಚ್‌ಗೆ ಹೇಳಿ. ಪಂದ್ಯಕ್ಕೆ ಹತ್ತು ಸಲ ಕೊಟ್ಟರೂ ಸಾಕು. ಕೋಚ್ ಒಪ್ಪದಿದ್ದರೆ, ಹಾಗಾದರೆ ಅವನನ್ನು ತಂದಿದ್ದು ಯಾತಕ್ಕೆ ಎಂದು ತಾವಿಬ್ಬರೂ ಕೂತು ಒಬ್ಬರನ್ನೊಬ್ಬರು ಕೇಳಿಕೊಳ್ಳಿ. ಮಾರ್ಚ್‌ನಲ್ಲೇ ಕೇಳಿಕೊಳ್ಳಬೇಕಿತ್ತು.

ಇನ್ನೊಂದು ಬೇಡಿಕೆಯಿದೆ, ಅದೇ ಮುಖ್ಯ. ಕಳೆದ ವಾರ ಹಾರ್ಗ್ರೋವ್‌ನ ಹೆಂಡತಿ ತನ್ನ ಮಗಳನ್ನು ಶಾಲೆಯಿಂದ ಬಿಡಿಸಿದ್ದಾಳೆ ಎಂದು ಓದಿದೆ. ಬೇರೆ ಮಕ್ಕಳು ಅಪ್ಪನ ಹೆಸರು ಹಿಡಿದು ಆಡಿಕೊಳ್ಳುತ್ತಾರಂತೆ. ಮುಂದಿನ ಸೋಮವಾರ ಅದೇ ಮೈಕಿನ ಮುಂದೆ, ಅದೇ ಕೋಟು ಹಾಕಿಕೊಂಡು ನಿಂತು, "ಇವನನ್ನು ಇವನಿಗೆ ಒಗ್ಗದ ಜಾಗದಲ್ಲಿ ನಿಲ್ಲಿಸಿದ್ದು ನಾನು, ತಪ್ಪು ನನ್ನದು" ಎಂದು ಹೇಳಿ. ಅರ್ಧ ನಿಮಿಷ ಸಾಕು. ಅವನು ಇನ್ನೂ ಈ ಊರಲ್ಲಿದ್ದಾನೆ, ಇನ್ನೂ ತಮ್ಮ ಮಾತು ಕಿವಿಗೆ ಹಾಕಿಕೊಳ್ಳುತ್ತಿದ್ದಾನೆ. ಕೇಳುವುದನ್ನು ಅವನು ನಿಲ್ಲಿಸುವ ಮುಂಚೆ ಹೇಳಿಬಿಡಿ.

ಇಂತಿ,
ತಡವಾಗಿ ಫೋನ್ ಮಾಡಿದ
ಮಾರ್ಗಿಟ್ ಬಾಲೋಗ್
ಪೂರ್ವ ದಂಡೆ, ಟೊಲೆಡೊ
(ಇಪ್ಪತ್ತಾರು ವರ್ಷದಿಂದ ಕ್ರೀಡಾಂಗಣದ ಹದಿನೇಳನೇ ಸಾಲಿನ ಖಾಯಂ ಗಿರಾಕಿ, ಬುದ್ಧಿ ಬಾರದ ಕಾರಣ ಬರುವ ವರ್ಷಕ್ಕೂ)