ರಾವಣನ ಹೊಟ್ಟೆಯ ಹೆಡ್‌ಫೋನ್

ಅಪ್ಪಾ,

ನನ್ನ ಕಿವಿ ಮಂದವಾಗಿಲ್ಲ. ನೀನೀಗ ಇಲ್ಲ, ಇದನ್ನು ಓದುವುದಿಲ್ಲವೆಂದು ಗೊತ್ತಿದ್ದೂ ಮೊದಲು ನಿನಗೇ ಹೇಳಬೇಕೆನಿಸಿತು.

ಮಗು ಹುಟ್ಟಿದ ಮೇಲೆ ನನಗೆ ಸರಿಯಾದ ನಿದ್ದೆಯಿಲ್ಲ. ನಿದ್ದೆಗೆಟ್ಟ ತಲೆಗೆ ಭಯಕ್ಕೇನು ಬರವೇ? ಬೆಳಗ್ಗೆ ಅದು ಮಲಗಿದ್ದಾಗ, ನೀನು ಸ್ಟುಡಿಯೋದಲ್ಲಿ ಹಾಕಿಕೊಳ್ಳುತ್ತಿದ್ದ ದೊಡ್ಡ ಹೆಡ್‌ಫೋನನ್ನು ನನ್ನ ಪುಟ್ಟ ಮ್ಯೂಸಿಕ್ ಪ್ಲೇಯರಿಗೆ ಸಿಕ್ಕಿಸಿ, ನೀನೇ ಮಾಡಿದ್ದ ಕೊಳಲಿನ ರೆಕಾರ್ಡಿಂಗ್ ಹಾಕಿದೆ. ವಾಲ್ಯೂಮ್ ಪೂರ್ತಿ ಏರಿಸಿದರೂ ಗೋಡೆಯಾಚೆ ಯಾರೋ ನುಡಿಸಿದಂತಿತ್ತು. ಕಿವಿಯೇ ಹೋಗುತ್ತಿದ್ದರೆ ಮಗು ಅತ್ತದ್ದು ಕೇಳುವುದು ಹೇಗೆ?

ಅಮ್ಮನ ಮುಂದೆ ಅತ್ತೇಬಿಟ್ಟೆ. ಅವಳು ನಕ್ಕಳು. “ಅಯ್ಯೋ ಪೆದ್ದಿ, ಕಿವಿಗೇನೂ ಆಗಿಲ್ಲ ಕಣೆ. ಆ ಹೆಡ್‌ಫೋನಿಗೆ ಈ ಪ್ಲೇಯರ್ ಅಂದ್ರೆ ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! ನಿಮ್ಮಪ್ಪ ಡಬ್ಬಿ ಇಲ್ದೆ ಅದನ್ನ ಮುಟ್ತಾನೇ ಇರ್ಲಿಲ್ಲ.”

ಸೋಪಿನ ಡಬ್ಬಿಯೊಳಗೆ ನೀನೇ ಬೆಸುಗೆ ಹಾಕಿ ಮಾಡಿದ ಆಂಪ್ಲಿಫೈಯರನ್ನು ಕಪಾಟಿನಿಂದ ತೆಗೆದುಕೊಟ್ಟಳು. ಹೊಸ ಬ್ಯಾಟರಿ ಹಾಕಿ, ಪ್ಲೇಯರಿಗೂ ಹೆಡ್‌ಫೋನಿಗೂ ನಡುವೆ ಜೋಡಿಸಿ, ಗುಂಡಿಯನ್ನು ಮೆಲ್ಲಗೆ ತಿರುಗಿಸಿದೆ. ಕೊಳಲು ತೀರ ಹತ್ತಿರ ಬಂತು. ಸ್ವರಕ್ಕೆ ಮೊದಲು ನುಡಿಸುವವರು ಉಸಿರೆಳೆದುಕೊಳ್ಳುವುದೂ ಕೇಳಿಸಿತು. “ಅಲ್ಲಿ, ಆ ಉಸಿರು ಕೇಳಿಸ್ತಾ ಪುಟ್ಟಿ?” ಎಂದು ನೀನು ಪ್ರತಿ ಸಲ ಕೇಳುತ್ತಿದ್ದೆ. ನಾನು ಪುಸ್ತಕದಿಂದ ತಲೆಯೆತ್ತದೆ “ಹ್ಞೂಂ” ಎನ್ನುತ್ತಿದ್ದೆ.

ಅದೊಂದು ಉಸಿರನ್ನೇ ಮತ್ತೆ ಮತ್ತೆ ಹಾಕಿಕೊಂಡು ಕೇಳಿದೆ. ಅಷ್ಟರಲ್ಲಿ ಒಳಕೋಣೆಯಲ್ಲಿ ಮಗು ಕುಂಯ್ ಎಂದಿತು. ಹೆಡ್‌ಫೋನ್ ಹಾಕಿಕೊಂಡಿದ್ದರೂ ಅಮ್ಮನಿಗಿಂತ ಮೊದಲು ನನಗೇ ಕೇಳಿತು. ಎತ್ತಿಕೊಂಡು ಬಂದು, ತೊಡೆಯ ಮೇಲೆ ಮಲಗಿಸಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಕೇಳಿಸ್ತಪ್ಪಾ.