ಈಜುಕೊಳದಲ್ಲಿ ಹಾವು

ಜೂನ್ ೧೨, ಬುಧವಾರ

ಶಾಪದಲ್ಲಿ ಒಂದು ಕಿಂಡಿ ಸಿಕ್ಕಿತು!

ವಸ್ತುಸಂಗ್ರಹಾಲಯದಲ್ಲಿ ಗ್ರೀಕರ ದೇವರು ಅಪೊಲೊನ ಮುರಿದ ಮೂಗು ನೋಡಿ ನಾನು ನಕ್ಕು ಎರಡು ವರ್ಷವಾಯಿತು. ಅಂದಿನಿಂದ ಅವನ ಶಾಪ: ಮುಂದೆ ಆಗುವುದು ನನಗೆ ಕಾಣುತ್ತದೆ. ಹೇಳಿದರೆ ಮಾತ್ರ ಒಬ್ಬರೂ ನಂಬುವುದಿಲ್ಲ.

ಬೆಳಿಗ್ಗೆ ಅಕ್ಕನ ಸೀಟಿ ಮುಟ್ಟಿದೆ. ಅವಳು ಮಕ್ಕಳಿಗೆ ಈಜು ಕಲಿಸುವ ಕೊಳದ ಮೇಲ್ಛಾವಣಿ ಕುಸಿಯುವುದು ಕಂಡಿತು. ಗೋಡೆ ಗಡಿಯಾರದಲ್ಲಿ ನಾಲ್ಕು ಗಂಟೆ.

"ಅಕ್ಕಾ, ಇವತ್ತು ಮಕ್ಕಳನ್ನ ನೀರಿಗೆ ಇಳಿಸ್ಬೇಡ. ಛಾವಣಿ ಬೀಳತ್ತೆ."

"ಬೆಳಗ್ಗೆ ಬೆಳಗ್ಗೆನೇ ತಲೆ ತಿನ್ಬೇಡ್ವೇ," ಎಂದು ಹೊರಟೇಹೋದಳು.

ತರಗತಿಯಲ್ಲಿ ಕೂತಿದ್ದಾಗ ಥಟ್ಟನೆ ಹೊಳೆಯಿತು. ನಿಜ ಹೇಳಿದರೆ ನಂಬುವುದಿಲ್ಲ, ಸರಿ. ಸುಳ್ಳು ಹೇಳಿದರೆ?

ಎದ್ದೆನೋ ಬಿದ್ದೆನೋ ಎಂದು ಕೊಳಕ್ಕೆ ಓಡಿದೆ. ತಲುಪಿದಾಗ ನಾಲ್ಕಕ್ಕೆ ಐದು ನಿಮಿಷವಿತ್ತು. ಇದ್ದ ಉಸಿರನ್ನೆಲ್ಲ ಸೇರಿಸಿ ಕಿರುಚಿದೆ, "ಹಾವು! ನೀರಲ್ಲಿ ಹಾವು!"

ಹನ್ನೊಂದು ಮಕ್ಕಳೂ ಕಪ್ಪೆಗಳಂತೆ ಹಾರಿ ಹೊರಬಿದ್ದರು. ಕೊನೆಯ ಪುಟಾಣಿಯನ್ನು ಎತ್ತಿಕೊಂಡು ಅಕ್ಕ ಹೊಸಿಲು ದಾಟಿದಳು. ಅಷ್ಟರಲ್ಲಿ ಛಾವಣಿ ಧಡಾರನೆ ಖಾಲಿ ನೀರಿನ ಮೇಲೆ ಬಿತ್ತು.

ಧೂಳಿನಲ್ಲಿ ಅಕ್ಕ ನನ್ನನ್ನು ಉಸಿರುಗಟ್ಟುವಷ್ಟು ಬಿಗಿಯಾಗಿ ಅಪ್ಪಿಕೊಂಡಳು.

"ಆ ಹಾವು ಬರ್ದೇ ಇದ್ದಿದ್ರೆ ಏನ್ ಗತಿಯಾಗ್ತಿತ್ತೇ!"

"ಹಾವೇ ಇರ್ಲಿಲ್ಲ ಅಕ್ಕಾ. ನಾನು ಸುಳ್ಳು ಹೇಳಿದ್ದು."

"ಸುಮ್ನಿರೇ, ಅದರ ಬಾಲಾನ ನಾನೇ ಕಣ್ಣಾರೆ ನೋಡ್ದೆ!"

ಬರೆಯುತ್ತಾ ನಡುನಡುವೆ ದಿಂಬಿಗೆ ಮುಖ ಒತ್ತಿ ನಗುತ್ತಿದ್ದೇನೆ. ಪಕ್ಕದ ಹಾಸಿಗೆಯಲ್ಲಿ ಅಕ್ಕ ಮಗ್ಗುಲು ಬದಲಿಸಿದಳು, ಅವಳ ಉಸಿರಾಟ ಕೇಳುತ್ತಿದೆ, ಅದನ್ನೇ ಕೇಳುತ್ತಾ ಇನ್ನು ಮಲಗುತ್ತೇನೆ.